ರವಿಕೆಯ ಹೊಲಿಗೆ ಬಿಚ್ಚಿಸಿ

ಪ್ರಶ್ನೆ: ನನಗೆ 38 ವರ್ಷ, ಮಂಡ್ಯದಲ್ಲಿ ಶಿಕ್ಷಕಿ. ಮುಂದಿನ ತಿಂಗಳು ಮೈಸೂರಿನಲ್ಲಿ ಅಣ್ಣನ ಮಗಳ ಮದುವೆ. ನನ್ನ ಮದುವೆಯ ರೇಷ್ಮೆ ಸೀರೆಯ ರವಿಕೆ ಈಗ ತೋಳಿಗೇ ಏರುತ್ತಿಲ್ಲ. ಮುದ್ದೆ, ಅನ್ನ ಬಿಟ್ಟು ನಾಲ್ಕು ತಿಂಗಳಾಯಿತು. ಏಳು ಕೆ.ಜಿ. ಇಳಿದಿದ್ದೆ, ಐದು ಮರಳಿ ಬಂದಿದೆ. ಕೂದಲು ಉದುರುತ್ತಿದೆ, ಎರಡು ತಿಂಗಳಿಂದ ಮುಟ್ಟಾಗಿಲ್ಲ. ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಬೆಲ್ಲ, ತಣ್ಣನೆಯ ಅನ್ನ ತಿನ್ನುತ್ತೇನೆ, ಆಮೇಲೆ ಅಳುತ್ತೇನೆ. ಚಿಕ್ಕಮ್ಮ ಕಂಡಾಗಲೆಲ್ಲ ‘ಏನಮ್ಮಾ, ಹೀಗೆ ಊದಿಕೊಂಡಿದ್ದೀಯ’ ಎನ್ನುತ್ತಾರೆ. ಮದುವೆಗೆ ಹೋಗದೆ ಉಳಿದುಬಿಡಲೇ?

ಉತ್ತರ: ತಂಗಿ, ಮದುವೆಗೆ ಹೋಗಿ. ಅದಕ್ಕೂ ಮೊದಲು, ಈ ವಾರವೇ ವೈದ್ಯರ ಬಳಿ ಹೋಗಿ. ಮುಟ್ಟು ನಿಂತಿದೆ ಎಂದರೆ ಗರ್ಭ, ಥೈರಾಯ್ಡ್, ರಕ್ತಹೀನತೆ ಎಲ್ಲವನ್ನೂ ಪರೀಕ್ಷಿಸಬೇಕು. ಊಟ ಬಿಟ್ಟಿದ್ದನ್ನು ಅವರಿಂದ ಮುಚ್ಚಿಡಬೇಡಿ. ಹೊಟ್ಟೆಗೆ ಕಡಿಮೆಯಾದರೆ ಮುಟ್ಟು ನಿಲ್ಲುವುದುಂಟು, ಎರಡು ಮೂರು ತಿಂಗಳ ಬಳಿಕ ಕೂದಲು ಉದುರುವುದೂ ಉಂಟು.

ರಾತ್ರಿಯ ಆ ಬೆಲ್ಲಕ್ಕಾಗಿ ನಾಚಿಕೊಳ್ಳಬೇಡಿ. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ 36 ಮಂದಿ ಯುವಕರಿಗೆ ಆರು ತಿಂಗಳು ಸುಮಾರು ಅರ್ಧ ಊಟ ಕೊಟ್ಟು ನೋಡಿದರು. ಮೈಯಲ್ಲೂ ಮನಸ್ಸಿನಲ್ಲೂ ಗಟ್ಟಿಯಾಗಿದ್ದವರನ್ನೇ ಆರಿಸಿದ್ದರು. ಅವರಿಗೂ ಹಗಲು ರಾತ್ರಿ ಊಟದ್ದೇ ಯೋಚನೆಯಾಯಿತು, ಚಳಿ ಹಿಡಿಯಿತು, ಸಿಡುಕು ಹೆಚ್ಚಿತು. ಊಟ ಮರಳಿ ಸಿಕ್ಕಾಗ ಹಲವರು ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿ ಸಿಗಲಿಲ್ಲ. ನಿಮ್ಮ ಮನಸ್ಸು ಸಡಿಲವಾಗಿಲ್ಲ. ಹಸಿದ ದೇಹ ತನ್ನ ಪಾಲನ್ನು ಕೇಳುತ್ತಿದೆ. ಅನ್ನ, ಮುದ್ದೆ ಬಿಟ್ಟ ಮೊದಲ ದಿನಗಳಲ್ಲಿ ಇಳಿಯುವ ತೂಕದಲ್ಲಿ ನೀರಿನ ಪಾಲೇ ದೊಡ್ಡದು. ತಿನ್ನತೊಡಗಿದೊಡನೆ ಅದು ಮರಳಿ ಬರುತ್ತದೆ.

ಮಂಡ್ಯದಲ್ಲಿ ಹುಟ್ಟಿ ಬೆಳೆದವರ ಕೈಯಿಂದಲೂ ಮುದ್ದೆಯನ್ನು ಕಿತ್ತುಕೊಳ್ಳುವ ಈ ಡಯೆಟ್ ಹುಚ್ಚಿನ ಮೇಲೆ ನನಗೆ ಕೋಪವಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅದು ಈ ವಯಸ್ಸಿನ ಮೂಳೆಗೆ ಬೇಕು. ಮಧ್ಯಾಹ್ನ ಕುಳಿತು, ಬಸ್ಸಾರು, ಕಾಳಿನ ಪಲ್ಯದ ಜೊತೆ ಒಂದು ಮುದ್ದೆ ಉಣ್ಣಿ. ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿ. ಹೊತ್ತು ಹೊತ್ತಿಗೆ ಉಂಡೂ ರಾತ್ರಿಯ ತಿನ್ನಾಟ, ಅಳು ನಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಚಿಕ್ಕಮ್ಮನ ಮಾತು ನಮ್ಮ ಕಡೆ ಕುಶಲ ವಿಚಾರಿಸುವ ರೀತಿಯೇ ಆಗಿಬಿಟ್ಟಿದೆ. ತೆಳ್ಳಗಿದ್ದವಳಿಗೆ ‘ಸೊರಗಿ ಹೋಗಿದ್ದೀಯ’ ಎನ್ನುವವರೂ ಅವರೇ. ಹಾಗೆಂದು ನೋವಾಗುವುದು ತಪ್ಪುವುದಿಲ್ಲ. ‘ಚಿಕ್ಕಮ್ಮ, ಆ ಮಾತು ನನಗೆ ನೋವಾಗುತ್ತದೆ, ಬೇಡ’ ಎಂದು ಒಮ್ಮೆ ಮೆಲ್ಲಗೆ ಹೇಳಿ, ಅವರ ಕೈ ಹಿಡಿದು ಊಟಕ್ಕೆ ಕರೆದುಕೊಂಡು ಹೋಗಿ.

ಇನ್ನು ರವಿಕೆ. ಅದನ್ನು ಒಳಮಗ್ಗುಲು ಮಾಡಿ ನೋಡಿ. ಎರಡೂ ಪಕ್ಕದಲ್ಲಿ ಹೊಲಿಗೆಯಾಚೆ ಬೆರಳಗಲ ಬಟ್ಟೆ ಮಡಿಚಿರುತ್ತದೆ. ಬಿಸಿಲು, ಬೆವರು ತಾಗದ ಆ ಪಟ್ಟಿಯಲ್ಲಿ ರೇಷ್ಮೆಯ ಬಣ್ಣ ಇನ್ನೂ ಹೊಸದರಂತಿರುತ್ತದೆ. ಹೆಣ್ಣಿನ ಮೈ ಬದಲಾಗುತ್ತದೆಂದು ನಿಮ್ಮ ಮದುವೆಯ ಹೊತ್ತಿಗೇ ದರ್ಜಿಗೆ ಗೊತ್ತಿತ್ತು. ಅದೂ ಸಾಲದಿದ್ದರೆ ಕಂಕುಳಡಿ ತುಂಡು ಸೇರಿಸಿಕೊಡುತ್ತಾರೆ. ಮದುವೆ ಕಾಲದಲ್ಲಿ ದರ್ಜಿಗಳಿಗೆ ಪುರುಸೊತ್ತಿರುವುದಿಲ್ಲ, ನಾಳೆಯೇ ಕೊಡಿ. ಊಟ ಮಾಡಿಕೊಂಡು ಹೋಗಿ, ಅಳತೆ ತೆಗೆಯುವಾಗ ಹೊಟ್ಟೆ ಎಳೆದುಕೊಳ್ಳಬೇಡಿ. ಅಕ್ಷತೆ ಹಾಕಲು ಕೈ ಎತ್ತಿದಾಗ ಬಿಗಿಯದಷ್ಟು ಸಡಿಲ ಬಿಡಲು ಹೇಳಿ.