ಸೋಮವಾರದ ರ‍್ಯಾಂಕಿಂಗ್ ಜಗಳ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ನೀನು ಕೇಳಿದ್ದು ಇಷ್ಟು: ದಾವಣಗೆರೆಯಿಂದ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ಗೆ ಬಂದು ಎರಡು ತಿಂಗಳಾಯಿತು. ಸೋಮವಾರ ಆಫೀಸಿಗೆ ಹೋದರೆ ಎಲ್ಲರೂ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ರ‍್ಯಾಂಕಿಂಗ್ ಹಿಡಿದುಕೊಂಡು ಕಿತ್ತಾಡುತ್ತಾರೆ. ನೀನು ಪಿಳಿಪಿಳಿ ಕಣ್ಣು ಬಿಡುತ್ತಾ ಕೂತಿರುತ್ತೀಯ. ಕ್ರಿಕೆಟ್ ಬಿಟ್ಟು ಬೇರೆ ಗೊತ್ತಿಲ್ಲದವನು ಇದನ್ನೂ ಕಲಿಯಬೇಕಾ?

ಆಟ ಕಲಿಯದಿದ್ದರೂ ನಡೆಯುತ್ತದೆ. ಪೆನಾಲ್ಟಿಗಳು ನನಗೇ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಜಗಳ ಯಾಕೆ ಅಂತ ತಿಳಿದುಕೋ, ಸಾಕು.

ಐಪಿಎಲ್‌ನಲ್ಲಿ ಹತ್ತು ತಂಡ. ಗೆದ್ದರೆ ಎರಡು ಪಾಯಿಂಟ್, ಪಾಯಿಂಟ್ ಸಮ ಆದರೆ ನೆಟ್ ರನ್ ರೇಟ್. ಟೇಬಲ್ ನೋಡಿದರೆ ಮುಗಿಯಿತು, ಯಾರೂ ಬಾಯಿ ತೆರೆಯುವಂತಿಲ್ಲ. ಇಲ್ಲಿ ಮೇಲಿನ ದರ್ಜೆಯಲ್ಲೇ 130ಕ್ಕೂ ಜಾಸ್ತಿ ಕಾಲೇಜು ತಂಡಗಳಿವೆ. ಪ್ಲೇಆಫ್‌ಗೆ ಮುಂಚೆ ಒಂದೊಂದು ಆಡುವುದು 12-13 ಮ್ಯಾಚ್, ಅದೂ ಹೆಚ್ಚಾಗಿ ತಮ್ಮ ತಮ್ಮ ಕಾನ್ಫರೆನ್ಸ್, ಅಂದರೆ ತಂಡಗಳ ಗುಂಪಿನ ಒಳಗೆ. ಒಬ್ಬರ ಮುಖ ಒಬ್ಬರು ನೋಡದ ತಂಡಗಳೇ ಬಹಳ. ಹಾಗಾದರೆ ಯಾರು ಮೇಲು? ಟೇಬಲ್ ಹೇಳುವುದಿಲ್ಲ, ಜನರೇ ಹೇಳಬೇಕು. ಜನ ಹೇಳಬೇಕು ಅಂದಮೇಲೆ ಜಗಳ ಆಗಲೇಬೇಕು, ಅಲ್ವಾ?

ಭಾನುವಾರ ಬರುವುದು ಎಪಿ ಪೋಲ್, ಅಂದರೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಮತದಾನ. 1936ರಿಂದ ನಡೆದುಕೊಂಡು ಬಂದಿದೆ. ಅರವತ್ತರ ಆಸುಪಾಸು ಕ್ರೀಡಾ ವರದಿಗಾರರು ತಮಗೆ ತೋಚಿದ 25 ತಂಡಗಳ ಪಟ್ಟಿ ಕಳಿಸುತ್ತಾರೆ. ಮೊದಲನೆಯದಕ್ಕೆ 25 ಪಾಯಿಂಟ್, ಎರಡನೆಯದಕ್ಕೆ 24, ಹೀಗೇ ಇಳಿದು ಕೊನೆಯದಕ್ಕೆ 1. ಎಲ್ಲ ಕೂಡಿಸಿದರೆ ರ‍್ಯಾಂಕಿಂಗ್. ಕೋಚ್‌ಗಳದ್ದೂ ಒಂದು ಪೋಲ್ ಇದೆ. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಶನಿವಾರ ಇಡೀ ತನ್ನ ಮ್ಯಾಚಿನಲ್ಲೇ ಮುಳುಗಿರುವ ಕೋಚ್ ಬೇರೆಯವರ ಆಟ ನೋಡಿದ್ದು ಯಾವಾಗ?

ಇನ್ನು ಆಗಸ್ಟಿನಲ್ಲೇ, ಒಂದೂ ಮ್ಯಾಚ್ ಆಡುವ ಮೊದಲೇ ಒಂದು ಪಟ್ಟಿ ಬರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ. ತಮಾಷೆ ಅಂದರೆ ಆ ಕುಲಾವಿ ಬೇಗ ಇಳಿಯುವುದೂ ಇಲ್ಲ. ಮೊದಲೇ ಮೇಲೆ ಕೂತವನು ಒಂದು ಮ್ಯಾಚ್ ಸೋತರೆ ನಾಲ್ಕು ಮೆಟ್ಟಿಲು ಜಾರುತ್ತಾನೆ. ಕೆಳಗಿನಿಂದ ಬಂದವನು ಐದು ಗೆದ್ದರೂ 'ನೋಡೋಣ' ಅನ್ನುತ್ತಾರೆ.

ಇದೆಲ್ಲ ನವೆಂಬರ್ ತನಕದ ಹರಟೆ. ಆಮೇಲೆ ಲೆಕ್ಕಕ್ಕೆ ಬರುವುದು ಅರಳಿಕಟ್ಟೆ ಪಂಚಾಯ್ತಿ ಮಾತ್ರ. ಅರಳಿಮರ ಇಲ್ಲ ಅಷ್ಟೇ. ಟೆಕ್ಸಸ್‌ನ ಗ್ರೇಪ್‌ವೈನ್ ಅನ್ನುವ ಊರಿನ ಹೋಟೆಲಿನಲ್ಲಿ ಆಯ್ಕೆ ಸಮಿತಿಯ 13 ಜನ ಕೂತು ಪಟ್ಟಿ ಮಾಡುತ್ತಾರೆ, ಮಂಗಳವಾರ ರಾತ್ರಿ ಟಿವಿಯಲ್ಲಿ ಬರುತ್ತದೆ. ಪ್ಲೇಆಫ್‌ಗೆ ಯಾರು ಅನ್ನುವುದು ಕೊನೆಗೆ ಇವರ ಕೈಯಲ್ಲಿ.

ನಾನು ಈ ಹುಚ್ಚಿಗೆ ಬಿದ್ದದ್ದು 2014ರಲ್ಲಿ. ಹೊಸ ಮನೆಗೆ ಬಂದಿದ್ದೆವು. ಥ್ಯಾಂಕ್ಸ್‌ಗಿವಿಂಗ್ ರಜೆ, ಎಲ್ಲರಿಗೂ ಬಿಡುವಿರುತ್ತದೆ ಅಂತ ಶನಿವಾರ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಅದು ನಮ್ಮೂರ ತಂಡ ಓಹಾಯೋ ಸ್ಟೇಟ್‌ಗೆ ಬದ್ಧ ವೈರಿ ಮಿಶಿಗನ್ ಜೊತೆ ಮ್ಯಾಚಿನ ದಿನ ಅಂತ ಯಾರೂ ಹೇಳಲಿಲ್ಲ. ಕರೆದವರಲ್ಲಿ ಅರ್ಧ ಜನ ಬರಲಿಲ್ಲ, ಕನ್ನಡದವರೂ ಸೇರಿ. ಪಕ್ಕದ ಮನೆಯ ಅಜ್ಜ ಮಾತ್ರ ಪಾಪ ಬಂದರು, ಕೆಂಪು ಜರ್ಸಿಯಲ್ಲಿ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಬಿಸಿಬೇಳೆಬಾತ್ ತಿನ್ನುತ್ತಿದ್ದವರು ಇದ್ದಕ್ಕಿದ್ದಂತೆ ತಟ್ಟೆ ಕೆಳಗಿಟ್ಟು, ಕಾಲು ಮುರಿಯಿತು ಅಂತ ತಲೆ ಮೇಲೆ ಕೈ ಇಟ್ಟುಕೊಂಡರು. ಊರಿಂದ ಬಂದಿದ್ದ ನಮ್ಮತ್ತೆ ಗಾಬರಿಯಾಗಿ, 'ಯಾರದ್ದೇ? ಅವರ ಮಗಂದಾ?' ಅಂತ ನನ್ನನ್ನು ಕೇಳಿದರು.

ಮುರಿದದ್ದು ಓಹಾಯೋ ಸ್ಟೇಟ್ ಕ್ವಾರ್ಟರ್‌ಬ್ಯಾಕ್ ಜೆ.ಟಿ. ಬ್ಯಾರೆಟ್‌ನ ಪಾದದ ಗಂಟು. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆದು ಆಟ ನಡೆಸುವವನು. ಮೊದಲನೇ ಕ್ವಾರ್ಟರ್‌ಬ್ಯಾಕ್ ಆಗಸ್ಟಿನಲ್ಲೇ ಗಾಯವಾಗಿ ಕೂತಿದ್ದ. ಉಳಿದವನು ಮೂರನೆಯವನು, ಕಾರ್ಡೇಲ್ ಜೋನ್ಸ್. ಪಂಚಾಯ್ತಿ ಪಟ್ಟಿಯಲ್ಲಿ ಆಗ ನಮ್ಮದು ಐದನೇ ನಂಬರ್, ಟೆಕ್ಸಸ್‌ನ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ಮೂರನೇ ನಂಬರ್. ಪ್ಲೇಆಫ್‌ಗೆ ನಾಲ್ಕೇ ತಂಡ. ಕೊನೇ ವಾರ ಟಿಸಿಯು 55-3 ಅಂತರದಲ್ಲಿ ಗೆದ್ದಿತು. ಗೆದ್ದೂ ಆರಕ್ಕೆ ಬಿತ್ತು! ವಿಸ್ಕಾನ್ಸಿನ್ ಮೇಲೆ 59-0 ಹೊಡೆದ ನಾವು ನಾಲ್ಕಕ್ಕೆ ಬಂದೆವು. ಅಲಬಾಮಾವನ್ನು ಸೋಲಿಸಿ, ಫೈನಲ್‌ನಲ್ಲಿ ಆರೆಗನ್‌ಗೆ 42-20 ಕೊಟ್ಟು ಕಪ್ಪನ್ನೂ ತಂದೆವು. ಟಿಸಿಯು ಕಡೆಯವರಿಗೆ ಆ ಹೊಟ್ಟೆಯುರಿ ಈಗಲೂ ಇದೆ. ನಾನು ಅವರ ಜಾಗದಲ್ಲಿದ್ದರೂ ಹಾಗೇ ಉರಿಯುತ್ತಿತ್ತು.

ಇದಕ್ಕಿಂತ ಅನ್ಯಾಯ ಅನಿಸಿದ್ದು 2023ರದ್ದು. ಫ್ಲಾರಿಡಾ ಸ್ಟೇಟ್ ಹದಿಮೂರಕ್ಕೆ ಹದಿಮೂರೂ ಗೆದ್ದಿತ್ತು. ಕ್ವಾರ್ಟರ್‌ಬ್ಯಾಕ್‌ಗೆ ಗಾಯವಾಗಿದೆ, ಇನ್ನು ಇವರು ಮೊದಲಿನ ತಂಡವಲ್ಲ ಅಂತ ಹೊರಗಿಟ್ಟು, ಒಂದು ಸೋತಿದ್ದ ಅಲಬಾಮಾವನ್ನು ಒಳಗೆ ಕರೆದರು. ಮೂರನೇ ಹುಡುಗನನ್ನಿಟ್ಟುಕೊಂಡು ಕಪ್ ಗೆದ್ದ ಊರಿನವಳು ನಾನು, ಇದನ್ನು ಹೇಗೆ ಒಪ್ಪಲಿ? ಸೀಸನ್ ಕೊನೆಯಲ್ಲಿ ಆಡುವ ಬೌಲ್ ಮ್ಯಾಚಿನಲ್ಲಿ ಜಾರ್ಜಿಯಾ ಕೈಲಿ ಅವರು 63-3 ಸೋತಾಗ ಆಫೀಸಿನಲ್ಲಿ 'ನೋಡಿದೆಯಾ' ಅಂದರು. ಅಷ್ಟು ಹೊತ್ತಿಗೆ ಆ ತಂಡದ ಎಷ್ಟೋ ಹುಡುಗರು ಆಡುವುದನ್ನೇ ಬಿಟ್ಟಿದ್ದರು. ಈ ವಾದ ಇನ್ನೂ ಮುಗಿದಿಲ್ಲ.

2024ರಿಂದ ಪ್ಲೇಆಫ್‌ಗೆ 12 ತಂಡ. ಆ ವರ್ಷ ನಾವು ನಮ್ಮೂರಲ್ಲೇ ಮಿಶಿಗನ್ ಕೈಲಿ 13-10 ಸೋತೆವು, ಸತತ ನಾಲ್ಕನೇ ಸಲ. ಕೋಚ್‌ನನ್ನು ಕಿತ್ತುಹಾಕಿ ಅಂತ ಊರೆಲ್ಲ ಕೂಗಿತು. ಹಳೇ ಪದ್ಧತಿ ಆಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಎಂಟನೇ ಸೀಡ್ ಆಗಿ ಒಳಗೆ ಹೋಗಿ, ಒಂದನೇ ನಂಬರ್ ಆರೆಗನ್‌ನನ್ನೂ ಬಿಡದೆ ನಾಲ್ಕು ಮ್ಯಾಚ್ ಗೆದ್ದು ಚಾಂಪಿಯನ್ ಆದೆವು. ಆದರೂ ಪಕ್ಕದ ಮನೆಯ ಅಜ್ಜ ಹೇಳಿದ್ದು, 'ಮಿಶಿಗನ್‌ಗೆ ಸೋತೆವಲ್ಲ' ಅಂತ. ಆರ್‌ಸಿಬಿ ಕಪ್ಪಿಗೆ 18 ವರ್ಷ ಕಾದವನು ನೀನು, ಈ ಜನ ನಿನಗೆ ಅರ್ಥವಾಗುತ್ತಾರೆ.

ಮಿಶಿಗನ್ ವಾರ ಬಂದಾಗ ಕ್ಯಾಂಪಸ್ ಕಡೆ ಒಂದು ಸುತ್ತು ಹೋಗು. ಬೋರ್ಡುಗಳಲ್ಲಿ 'ಎಂ' ಅಕ್ಷರ ಇರುವ ಕಡೆಯೆಲ್ಲ ಕೆಂಪು ಟೇಪಿನಿಂದ ಕಾಟು ಹಾಕಿರುತ್ತಾರೆ. ಹಳದಿ ನೀಲಿ ಸ್ವೆಟರ್ ಇದ್ದರೆ ಮನೆಯಲ್ಲೇ ಇರಲಿ, ಅದು ಮಿಶಿಗನ್ ಬಣ್ಣ.

ಸೋಮವಾರಕ್ಕೆ ನಿನಗೆ ಒಂದೇ ಒಂದು ಪ್ರಶ್ನೆ ಹೇಳಿಕೊಡುತ್ತೇನೆ. ಯಾರೇ ಯಾವ ತಂಡವನ್ನೇ ಹೊಗಳಲಿ, ಈ ಸಲ ಕಪ್ ಅವರದ್ದೇ ಅನ್ನಲಿ, 'ಸರಿ, ಇಷ್ಟಕ್ಕೂ ಅವರು ಯಾರನ್ನು ಸೋಲಿಸಿದ್ದಾರೆ?' ಅಂತ ಕೇಳು. ಆಮೇಲೆ ಕಾಫಿ ಕುಡಿಯುತ್ತಾ ಕೂರು, ಊಟದ ಹೊತ್ತಿನ ತನಕ ಅವರೇ ಮಾತಾಡುತ್ತಾರೆ.