ನಾಲ್ಕು ಇಂಚು ಎತ್ತರಿಸಿದ ಜೀಪಿಗೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್: ಹೊಸದು ಹಾಕಿಸಬೇಕೇ, ಹಳೆಯದನ್ನೇ ಉದ್ದ ಮಾಡಿಸಬೇಕೇ?

ನಾಲ್ಕು ಇಂಚು ಎತ್ತರಿಸಿದ ಮಹೀಂದ್ರ ಎಂಎಂ 540 ಜೀಪು, ಗಂಟೆಗೆ 40 ಕಿ.ಮೀ. ದಾಟಿದೊಡನೆ ಸೀಟಿನಡಿ ನಡುಕ, ಆರು ತಿಂಗಳಲ್ಲಿ ಎರಡು ಸಲ ಕ್ರಾಸ್ (ಶಾಫ್ಟ್ ಓರೆಯಾಗಿಯೂ ತಿರುಗುವಂತೆ ಅದರ ತುದಿಯಲ್ಲಿರುವ ಕೀಲು) ಬದಲಾವಣೆ; ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹೊಸದು ಹಾಕಿಸುವುದೋ, ಹಳೆಯದನ್ನೇ ಉದ್ದ ಮಾಡಿಸುವುದೋ ಎಂದು ಕೇಳಿದ್ದೀರಿ. ನೀವು ಬರೆದಿರುವುದೆಲ್ಲ ನನ್ನ ಜೀಪಿನ ಕಥೆಯೇ. ಲೇತ್‌ನವರಿಗೆ ಮುಂಗಡ ಕೊಡುವ ಮೊದಲು ಇದನ್ನು ಓದಿ.

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ತೋಟದ ದಾರಿಯ ಕೊರಕಲುಗಳಲ್ಲಿ ಡಿಫರೆನ್ಶಿಯಲ್ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಉಂಡೆ) ಕಲ್ಲಿಗೆ ತಾಗುತ್ತದೆ ಎಂದು ದಪ್ಪ ಸ್ಪ್ರಿಂಗ್ ಪಟ್ಟಿ ಹಾಕಿಸಿ ಜೀಪನ್ನು ನಾಲ್ಕು ಇಂಚು ಎತ್ತರಿಸಿದೆ. ಅದಾದ ಮೇಲೂ ಡಿಫರೆನ್ಶಿಯಲ್ ಅದೇ ಕಲ್ಲಿಗೆ ತಾಗಿತು. ಸ್ಪ್ರಿಂಗ್ ಎತ್ತರಿಸಿದರೆ ಮೇಲೇರುವುದು ಚಾಸಿಸ್ ಮತ್ತು ಬಾಡಿ ಮಾತ್ರ. ಡಿಫರೆನ್ಶಿಯಲ್ ಇರುವುದು ಚಕ್ರಗಳ ನಡುವಿನ ಆ್ಯಕ್ಸಲ್‌ನಲ್ಲಿ; ಅದು ನೆಲದಿಂದ ಮೇಲೇಳಬೇಕಾದರೆ ಟೈರ್ ದೊಡ್ಡದಾಗಬೇಕು. ಇದನ್ನು ಮೊದಲೇ ಯಾರಾದರೂ ನನಗೆ ಹೇಳಿದ್ದರೆ ಮುಂದಿನ ಯಾವ ಖರ್ಚೂ ಬರುತ್ತಿರಲಿಲ್ಲ.

ಬಂದದ್ದು ನಡುಕ. ಬಿಚ್ಚಿ ನೋಡಿದಾಗ ಕ್ರಾಸ್‌ನ ಬೇರಿಂಗ್ ಕಪ್ ಅಂಚಿನಲ್ಲಿ ಕುಂಕುಮದಂತಹ ನುಣುಪು ಪುಡಿ, ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್‌ಗಳು ಉಕ್ಕಿನ ಮೇಲೆ ಸಾಲಾಗಿ ಗೀರು ಹಾಕಿದ್ದವು. ಶಾಫ್ಟ್ ಹಳೆಯದಾಯಿತು, ಗಿಡ್ಡವೂ ಆಯಿತು, ಹೊಸದು ಮಾಡಿಸಿದರೆ ಸರಿಹೋಗುತ್ತದೆ ಎಂದು ತೀರ್ಮಾನಿಸಿದೆ.

ನಾನು ತಪ್ಪಿದ್ದು ಇಲ್ಲಿ. ಚಾಸಿಸ್‌ಗೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು ಜೀಪನ್ನು ಮೇಲೆತ್ತಿದ್ದೆ. ಕೆಳಗೆ ನುಸುಳಲು ಜಾಗ ಚೆನ್ನಾಗಿತ್ತು, ಬೆಳಕೂ ಇತ್ತು. ಗೇರ್‌ಬಾಕ್ಸಿನ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜ್‌ನಿಂದ (ಶಾಫ್ಟನ್ನು ಬೋಲ್ಟ್ ಹಾಕಿ ಬಿಗಿಯುವ ಬಿಲ್ಲೆ) ಡಿಫರೆನ್ಶಿಯಲ್ ಫ್ಲ್ಯಾಂಜ್‌ವರೆಗೆ ಟೇಪ್ ಹಿಡಿದು, ಬಂದ ಅಳತೆಯನ್ನು ಚೀಟಿಯಲ್ಲಿ ಬರೆದು ಲೇತ್‌ಗೆ ಒಯ್ದೆ. ಆಗ ಹಿಂದಿನ ಚಕ್ರಗಳೆರಡೂ ಗಾಳಿಯಲ್ಲಿ ನೇತಾಡುತ್ತಿದ್ದವು. ಭಾರವಿಲ್ಲದ ಸ್ಪ್ರಿಂಗ್ ಕೆಳಗೆ ಬಾಗಿ ಆ್ಯಕ್ಸಲ್ ಇನ್ನಷ್ಟು ಜಗ್ಗಿತ್ತು, ಎರಡು ಫ್ಲ್ಯಾಂಜ್‌ಗಳ ನಡುವಿನ ದೂರ ಎರಡು ಮೂರು ಸೆಂಟಿಮೀಟರ್ ಹೆಚ್ಚಿತ್ತು. ಲೇತ್‌ನವರು ಆ ಅಳತೆಯನ್ನೇ ನಿಂತ ಜೀಪಿನ ಅಳತೆ ಎಂದು ನಂಬಿದರು. ಶಾಫ್ಟ್ ಒಳಗೆ ಹೊರಗೆ ಜಾರಲು ಸ್ಪ್ಲೈನ್‌ನಲ್ಲಿ (ಶಾಫ್ಟ್‌ನ ಎರಡು ಭಾಗಗಳು ಒಂದರೊಳಗೊಂದು ಸರಿಯುವ ಹಲ್ಲಿನ ಜೋಡಣೆ) ಬಿಡಬೇಕಾದ ಜಾಗವನ್ನು ಅದರ ಲೆಕ್ಕದಲ್ಲೇ ಬಿಟ್ಟರು. ಜೀಪನ್ನು ನೆಲಕ್ಕೆ ಇಳಿಸಿದಾಗಲೇ ಆ ಜಾಗ ಬಹುಪಾಲು ಮುಗಿದುಹೋಗಿತ್ತು. ನನಗೆ ಗೊತ್ತಾಗಲಿಲ್ಲ, ಏಕೆಂದರೆ ಚಕ್ರ ನೇತಾಡುತ್ತಿರುವಾಗ ಶಾಫ್ಟ್ ಅಚ್ಚುಕಟ್ಟಾಗಿ ಕೂತಿತ್ತು, ಖಾಲಿ ಜೀಪು ಊರಿನವರೆಗೆ ಚೆನ್ನಾಗಿಯೇ ಓಡಿತು.

ಡಿಸೆಂಬರ್, ಅರೇಬಿಕಾ ಕೊಯ್ಲು. ಹನ್ನೆರಡು ಚೀಲ ಹಣ್ಣು ಹೇರಿಕೊಂಡು ಮೋರಿಯ ಮೇಲೆ ಇಳಿದಾಗ ಧಡ್ ಎಂದಿತು. ಹೊರೆಗೆ ಆ್ಯಕ್ಸಲ್ ಮೇಲೆ ಬಂತು, ಒಳಗೆ ಸರಿಯಲು ಶಾಫ್ಟ್‌ಗೆ ಜಾಗವಿರಲಿಲ್ಲ. ಕಬ್ಬಿಣದ ಹಾರೆಯಂತೆ ಅದು ಟ್ರಾನ್ಸ್‌ಫರ್ ಕೇಸನ್ನು ಮುಂದಕ್ಕೆ ಒತ್ತಿ, ಬೇರಿಂಗ್ ಹಾಳಾಗಿ, ಹಿಂಭಾಗದ ಎರಕ ಸೀಳಿತು. ಆಯಿಲ್ ರಸ್ತೆಯುದ್ದಕ್ಕೂ ಚೆಲ್ಲಿತು. ಶಾಫ್ಟ್‌ಗೆ ಕೊಟ್ಟದ್ದರ ಮೂರು ಪಟ್ಟು ಟ್ರಾನ್ಸ್‌ಫರ್ ಕೇಸಿನ ರಿಪೇರಿಗೆ ಕೊಟ್ಟೆ. ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಚೀಲದ ಹಣ್ಣು. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಪಲ್ಪರ್‌ಗೆ, ಹಾಕಬೇಕು. ಬೇರೆ ಗಾಡಿ ಸಿಗುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ಚೀಲದೊಳಗೆ ಕೈ ಹಾಕಿದರೆ ಬಿಸಿ, ಹುಳಿ ವಾಸನೆ.

ಜೀಪು ನೋಡಲು ಬಂದ ಹಿರಿಯ ಮೇಸ್ತ್ರಿ ಕೇಳಿದ್ದು ಒಂದೇ ಮಾತು: “ಚಕ್ರ ನೆಲದ ಮೇಲಿತ್ತೇ ಸ್ವಾಮಿ, ಅಳತೆ ತೆಗೆದಾಗ?”

ಆಮೇಲೆ ಅವರೇ ನಡುಕದ ಮೂಲವನ್ನೂ ತೋರಿಸಿದರು. ನೀವು ಕೇಳಿರುವ ಹೊಸದೋ ಹಳೆಯದೋ ಎಂಬುದು ಇಲ್ಲಿ ನಿಜವಾದ ಪ್ರಶ್ನೆಯೇ ಅಲ್ಲ. ಶಾಫ್ಟ್ 80 ಸೆಂ.ಮೀ. ಇದ್ದು ಅದರ ಎರಡು ತುದಿಗಳ ಎತ್ತರದ ಅಂತರ 10 ಸೆಂ.ಮೀ. ಹೆಚ್ಚಿದರೆ ಕೋನ ಸುಮಾರು 7 ಡಿಗ್ರಿ ಕಡಿದಾಗುತ್ತದೆ. ಓರೆಯಾಗಿ ತಿರುಗುವ ಕ್ರಾಸ್ ಪ್ರತಿ ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. ಮೇಲಿನ ಕ್ರಾಸ್ ಮಾಡಿದ ಏರುಪೇರನ್ನು ಕೆಳಗಿನದು ಅಳಿಸಬೇಕಾದರೆ ಎರಡರ ಕೋನವೂ ಒಂದೇ ಇರಬೇಕು, ಹೆಚ್ಚೆಂದರೆ ಒಂದು ಡಿಗ್ರಿ ವ್ಯತ್ಯಾಸ. ನನ್ನ ಜೀಪಿನಲ್ಲಿ ಐದು ಡಿಗ್ರಿ ಇತ್ತು. ಆ ಕೋನವನ್ನು ಹಾಗೇ ಬಿಟ್ಟು ಎಷ್ಟೇ ಒಳ್ಳೆಯ ಶಾಫ್ಟ್ ಹಾಕಿದರೂ ಅದು ಕ್ರಾಸ್‌ಗಳನ್ನು ತಿನ್ನುತ್ತಲೇ ಇರುತ್ತದೆ. ಸ್ಪ್ರಿಂಗ್ ಮತ್ತು ಆ್ಯಕ್ಸಲ್ ನಡುವೆ ಓರೆ ಶಿಮ್ (ಒಂದು ತುದಿ ದಪ್ಪ, ಇನ್ನೊಂದು ತೆಳುವಾಗಿರುವ ಲೋಹದ ಪಟ್ಟಿ) ಕೂರಿಸಿ, ಶಾಫ್ಟ್ ಸೇರುವ ಡಿಫರೆನ್ಶಿಯಲ್ ಮೂತಿಯನ್ನು ತಿರುಗಿಸಿದ ಮೇಲೆಯೇ ನಡುಕ ನಿಂತದ್ದು. ಮೇಲ್ತುದಿಯಲ್ಲಿ ಜೋಡಿ ಕ್ರಾಸ್ ಇರುವ ಶಾಫ್ಟ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅದರಲ್ಲಿ ಡಿಫರೆನ್ಶಿಯಲ್ ಮೂತಿ ಹೆಚ್ಚು ಕಡಿಮೆ ಟ್ರಾನ್ಸ್‌ಫರ್ ಕೇಸಿನತ್ತಲೇ ನೇರವಾಗಿರಬೇಕು.

ನನ್ನನ್ನು ಕೇಳಿದರೆ ನಾಲ್ಕು ಇಂಚನ್ನು ಎರಡಕ್ಕೆ ಇಳಿಸಿ, ಉಳಿಯುವ ಹಣವನ್ನು ಟೈರ್‌ಗೆ ಹಾಕಿ. ಇಳಿಸುವುದಿಲ್ಲ ಎಂದಾದರೆ ಮೊದಲು ಶಿಮ್, ಆಮೇಲೆ ಶಾಫ್ಟ್, ಏಕೆಂದರೆ ಶಿಮ್ ಹಾಕಿದರೆ ಉದ್ದವೂ ಸ್ವಲ್ಪ ಬದಲಾಗುತ್ತದೆ. ಕೊಳವೆ ನೆಟ್ಟಗಿದ್ದು ಸ್ಪ್ಲೈನ್ ಅಲುಗಾಡದಿದ್ದರೆ ಹಳೆಯದನ್ನೇ ಉದ್ದ ಮಾಡಿಸಿ, ಆದರೆ ಬ್ಯಾಲೆನ್ಸ್ ಮಾಡಿಕೊಡುವ ಕಡೆಯೇ ಕೊಡಿ. ಜೋಡಿಸುವಾಗ ಎರಡು ತುದಿಯ ಯೋಕ್‌ಗಳ (ಕ್ರಾಸ್ ಹಿಡಿದಿರುವ ಕವಲುಗಳು) ಕಿವಿಗಳು ಒಂದೇ ಸಾಲಿಗೆ ಬರಲಿ. ಸ್ಪ್ಲೈನ್‌ನಲ್ಲಿ ಒಂದು ಹಲ್ಲು ತಪ್ಪಿದರೂ ನಡುಕ ಮರಳುತ್ತದೆ.

ಬಿಚ್ಚುವ ಮೊದಲು ನಾಲ್ಕೂ ಚಕ್ರಕ್ಕೆ ಅಡ್ಡಕಲ್ಲು ಕೊಡಿ. ಹಿಂದಿನ ಶಾಫ್ಟ್ ಕಳಚಿದ ಕ್ಷಣ ಗೇರ್‌ನ ಹಿಡಿತ ಹಿಂದಿನ ಚಕ್ರಕ್ಕೆ ಇರುವುದಿಲ್ಲ, ತೋಟದ ಇಳಿಜಾರಿನಲ್ಲಿ ಜೀಪು ನಿಮ್ಮ ಮೇಲೆಯೇ ಉರುಳಬಹುದು. ಹೊಸದನ್ನು ಕೂರಿಸಿದ ಮೇಲೆ ಸ್ಪ್ಲೈನ್‌ನ ಕಾಣುವ ಭಾಗಕ್ಕೆ, ಒಳಗೆ ಸರಿಯುವ ಅಂಚಿಗೆ ತಾಗಿಸಿ, ಒಂದು ದಾರ ಬಿಗಿಯಾಗಿ ಕಟ್ಟಿ. ನೀವು ಹೇರುವ ಪೂರ್ತಿ ಹೊರೆ ಹೇರಿ, ನಿಮ್ಮ ದಾರಿಯ ಅತಿ ಕೆಟ್ಟ ಗುಂಡಿಯಲ್ಲಿ ನಿಧಾನವಾಗಿ ಇಳಿಸಿ ಬನ್ನಿ. ದಾರ ಎಷ್ಟು ಸರಿದಿದೆ, ಅದರಾಚೆ ಎಷ್ಟು ಜಾಗ ಉಳಿದಿದೆ ನೋಡಿ. ಒಂದು ಬೆರಳಿನ ಅಗಲವೂ ಉಳಿಯದಿದ್ದರೆ ಶಾಫ್ಟ್ ಉದ್ದವಾಗಿದೆ, ಓಡಿಸಬೇಡಿ.

ಚಕ್ರ ನೆಲದ ಮೇಲಿರುವಾಗ ಎರಡೂ ಫ್ಲ್ಯಾಂಜ್‌ಗಳ ಮತ್ತು ಶಾಫ್ಟ್‌ನ ಕೋನ ಅಳೆದು ಇಲ್ಲಿ ಬರೆಯಿರಿ. ಎಷ್ಟು ಡಿಗ್ರಿಯ ಶಿಮ್, ದಪ್ಪ ತುದಿ ಯಾವ ಕಡೆಗೆ ಎಂದು ನಾನು ಲೆಕ್ಕ ಹಾಕಿ ತಿಳಿಸುತ್ತೇನೆ.