ಕರೆಂಟ್ ಕಡಿತದ ಮೇಲೆ ಎಂಟೆಕ್ ಪ್ರಾಜೆಕ್ಟ್ ಮಾಡುವವರು ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಬಾಗಲಕೋಟೆಯಲ್ಲಿ ಎಂಟೆಕ್ ಓದುತ್ತಿದ್ದೀರಿ. ಕರೆಂಟ್ ಎಷ್ಟು ಸಲ ಹೋಗುತ್ತದೆ, ಎಷ್ಟು ಹೊತ್ತು ಹೋಗುತ್ತದೆ ಎಂಬುದರ ಮೇಲೆ ಪ್ರಾಜೆಕ್ಟ್ ಮಾಡಬೇಕು. ಬೇಡಿಕೆ ನಿರ್ವಹಣೆಯನ್ನೂ, ಅಂದರೆ ಯಾರು ಯಾವಾಗ ಎಷ್ಟು ಕರೆಂಟ್ ಎಳೆಯಬೇಕು ಎಂದು ಹೊಂದಿಸುವುದನ್ನೂ, ಅದರಲ್ಲಿ ಸೇರಿಸಲಾ, ಇಲ್ಲ ಬೇರೆ ವಿಷಯ ಅಂತ ಬಿಟ್ಟುಬಿಡಲಾ?

ನಮ್ಮ ಕಡೆ ಅವೆರಡೂ ಬೇರೆ ವಿಷಯ ಅಲ್ಲವೇ ಅಲ್ಲ. ಕಬ್ಬಿನ ಹೊಲಗಳಿಗೆ ಹೋಗುವ ಒಂದು 11 ಕೆವಿ ಫೀಡರ್ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನ್) ಹಿಡಿಯಿರಿ, ನಿಮಗೇ ಗೊತ್ತಾಗುತ್ತದೆ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿನ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಆಗಿವೆಯಲ್ಲ, ಅದರಲ್ಲಿ ಎರಡನೆಯದು. ಊರಿನ ಫೀಡರ್ ತೆಗೆದುಕೊಂಡರೆ ಗ್ರಾಫ್ ಚೆಂದ ಬರುತ್ತದೆ ನಿಜ. ಕಥೆ ಇರುವುದು ಮಾತ್ರ ಹೊಲದಲ್ಲಿ.

ನಾನು ಇದೇ ದಾರಿಯಲ್ಲಿ ಹೋಗಿ ಮೊದಲ ಮೂರು ತಿಂಗಳು ಹಾಳು ಮಾಡಿಕೊಂಡವನು. ಮುಧೋಳ ತಾಲ್ಲೂಕಿನ ಒಂದು ಸಬ್‌ಸ್ಟೇಷನ್ನಿನಲ್ಲಿ ಕೂತು, ಫೀಡರ್ ಬಂದ್ ಆದ ಹೊತ್ತನ್ನೆಲ್ಲ ಲಾಗ್ ಬುಕ್ಕಿನಿಂದ ಬರೆದುಕೊಂಡೆ. ಸೈಡಿ ಲೆಕ್ಕ ಹಾಕಿದೆ. ಸೈಡಿ ಅಂದರೆ ಒಬ್ಬ ಗ್ರಾಹಕನಿಗೆ ಸರಾಸರಿ ಎಷ್ಟು ನಿಮಿಷ ಕರೆಂಟ್ ಇರಲಿಲ್ಲ ಎಂಬುದು. ಎಷ್ಟು ಸಲ ಹೋಯಿತು ಎಂಬುದು ಸೈಫಿ. ನನ್ನ ಸೈಡಿ ದಿನಕ್ಕೇ 1,000 ನಿಮಿಷ ದಾಟಿತ್ತು! ಗೈಡ್ ಸರ್ ನೋಡಿ ನಕ್ಕರು. ಪಂಪ್‌ಸೆಟ್ ಫೀಡರಿಗೆ ತ್ರೀ ಫೇಸ್ ಕೊಡುವುದೇ ದಿನಕ್ಕೆ 7 ಗಂಟೆ. ಉಳಿದ 17 ಗಂಟೆಯನ್ನೂ ನಾನು ಕಡಿತ ಅಂತ ಸೇರಿಸಿಬಿಟ್ಟಿದ್ದೆ. ತಪ್ಪು ಪೂರ್ತಿ ನನ್ನದೇ. ಹಾಗಾಗಿ ಪಾಳಿ ಪ್ರಕಾರ ನಿಲ್ಲಿಸಿದ್ದು, ಲೈನ್ ಕೆಲಸಕ್ಕೆ ಎಲ್‌ಸಿ (ಲೈನ್ ಬಂದ್ ಮಾಡಲು ಅನುಮತಿ) ತೆಗೆದುಕೊಂಡದ್ದು, ನಿಜಕ್ಕೂ ಟ್ರಿಪ್ ಆದದ್ದು, ಅಂದರೆ ದೋಷಕ್ಕೆ ತಾನಾಗಿಯೇ ಬಂದ್ ಆದದ್ದು, ಈ ಮೂರನ್ನು ಮೊದಲ ದಿನವೇ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಿರಿ.

ಇದಕ್ಕಿಂತ ದೊಡ್ಡ ಸಮಸ್ಯೆ ಸರಾಸರಿಯದು. 1,000 ಗ್ರಾಹಕರ ಒಂದು ಫೀಡರ್ ಅಂದುಕೊಳ್ಳಿ. ಅಡ್ಡಮಳೆಗೆ ಫೀಡರ್ ಅರ್ಧ ಗಂಟೆ ಹೋಯಿತು. ಅದೇ ವಾರ ಒಂದು ಟಿಸಿ (ಹೊಲದ ಟ್ರಾನ್ಸ್‌ಫಾರ್ಮರ್) ಸುಟ್ಟು 20 ಮಂದಿಗೆ ಮೂರು ದಿನ ಕರೆಂಟ್ ಇಲ್ಲ. ಸ್ಟೇಷನ್ನಿನ ಲಾಗ್ ಪ್ರಕಾರ ಸೈಡಿ 30 ನಿಮಿಷ, ಯಾಕೆಂದರೆ ಟಿಸಿ ಸುಟ್ಟಾಗ ಫೀಡರ್ ಆನ್ ಆಗಿಯೇ ಇತ್ತು. ಟಿಸಿಯನ್ನೂ ಸೇರಿಸಿದರೆ ಸುಮಾರು 116 ನಿಮಿಷ. ಆ 20 ಮಂದಿಯ 4,320 ನಿಮಿಷ ಸಾವಿರ ಜನರಲ್ಲಿ ಹಂಚಿಹೋಗಿ ಬರೀ 86 ಆಯಿತು. ಬೇಸಿಗೆಯಲ್ಲಿ ಮೂರು ದಿನ ನೀರಿಲ್ಲದ ಹೊಲದವನ ಮುಂದೆ ಈ 86 ಹೇಳಿ ನೋಡಿ! ಆದ್ದರಿಂದ ಫೀಡರ್ ಜೊತೆಗೆ ಒಂದೊಂದು ಟಿಸಿಯ ಲೆಕ್ಕವನ್ನೂ ಇಡಿ.

ಟಿಸಿ ಯಾಕೆ ಸುಡುತ್ತದೆ? ಬೇಡಿಕೆಯ ವಿಷಯ ಬರುವುದು ಇಲ್ಲೇ. 7.5 ಎಚ್‌ಪಿ ಪಂಪ್ ಅಂದರೆ 5.6 ಕಿಲೋವ್ಯಾಟ್. ಮೋಟಾರಿನ ದಕ್ಷತೆ 80%, ಪವರ್ ಫ್ಯಾಕ್ಟರ್ 0.8 ಹಿಡಿದರೆ ಟಿಸಿ ಮೇಲೆ ಒಂದೊಂದರ ಭಾರ ಸುಮಾರು 8.7 ಕೆವಿಎ; ಟಿಸಿಯ ಸಾಮರ್ಥ್ಯ ಅಳೆಯುವುದೂ ಕೆವಿಎಯಲ್ಲೇ. ಅಂದರೆ 63 ಕೆವಿಎ ಟಿಸಿ ಏಳು ಪಂಪಿಗೇ ತುಂಬಿಹೋಗುತ್ತದೆ. ಹತ್ತು ಪಂಪ್ ಹಚ್ಚಿದರೆ 87. ಭಾರ 38% ಜಾಸ್ತಿ ಅಷ್ಟೇ ಅನ್ನಿಸಬಹುದು, ಆದರೆ ವೈಂಡಿಂಗಿನ (ಒಳಗಿನ ತಂತಿ ಸುರುಳಿಯ) ಬಿಸಿ ಏರುವುದು ಕರೆಂಟಿನ ವರ್ಗದ ಪ್ರಕಾರ, ಅಂದರೆ 1.38 ಪಟ್ಟನ್ನು 1.38ರಿಂದಲೇ ಗುಣಿಸಬೇಕು. ಅದು ಹತ್ತಿರಹತ್ತಿರ ಎರಡರಷ್ಟಾಗುತ್ತದೆ.

ಆಮೇಲೆ ಆಟೋ ಸ್ಟಾರ್ಟರ್, ಕರೆಂಟ್ ಬಂದ ಕೂಡಲೇ ಮೋಟಾರನ್ನು ತಾನೇ ಶುರು ಮಾಡುವ ಸಾಧನ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬಂದರೆ ಹೊಲಕ್ಕೆ ಯಾರು ಹೋಗುತ್ತಾರೆ, ಎಲ್ಲರೂ ಅದನ್ನೇ ಹಾಕಿರುತ್ತಾರೆ. ಫೀಡರ್ ಚಾರ್ಜ್ ಆದ ಕೂಡಲೇ ಮೋಟಾರುಗಳೆಲ್ಲ ಒಟ್ಟಿಗೇ ಏಳುತ್ತವೆ. ನೇರವಾಗಿ ಶುರುವಾಗುವ ಮೋಟಾರ್ ಮೊದಲ ಕೆಲವು ಸೆಕೆಂಡು ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಬೀಳುತ್ತದೆ, ವೋಲ್ಟೇಜ್ ಬಿದ್ದದ್ದಕ್ಕೆ ಮೋಟಾರ್ ವೇಗ ಹಿಡಿಯಲು ತಡ, ತಡವಾದದ್ದಕ್ಕೆ ಎಳೆತ ಇನ್ನೂ ಮುಂದುವರಿಯುತ್ತದೆ. ಫೀಡರ್ ಟ್ರಿಪ್. ಎರಡು ನಿಮಿಷ ಬಿಟ್ಟು ಮತ್ತೆ ಹಾಕುತ್ತಾರೆ, ಮತ್ತೆ ಟ್ರಿಪ್. ತಮಾಷೆ ನೋಡ್ರಿ, ಈ ಸೂಚ್ಯಂಕಗಳ ಮಾನದಂಡವಾದ ಐಇಇಇ 1366 ಪ್ರಕಾರ 5 ನಿಮಿಷದೊಳಗೆ ವಾಪಸ್ ಬಂದದ್ದು ಸೈಫಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇಂಥ ಕ್ಷಣಿಕ ಕಡಿತ ಎಷ್ಟು ಸಲ ಆಯಿತು ಎಂದು ಎಣಿಸಲು ಮೈಫಿ ಅಂತ ಬೇರೆ ಸೂಚ್ಯಂಕ ಇದೆ, ಅದನ್ನು ಖಂಡಿತ ತೆಗೆಯಿರಿ.

ನಾನು ಇದನ್ನು ಮಾಡುತ್ತಿದ್ದಾಗ ಊರವರೆಲ್ಲ ಕೇಳುತ್ತಿದ್ದದ್ದು ಒಂದೇ: ಕೂಡಗಿಯಲ್ಲಿ 2,400 ಮೆಗಾವ್ಯಾಟ್, ಆಲಮಟ್ಟಿಯಲ್ಲಿ 290, ಇಷ್ಟೆಲ್ಲ ಪಕ್ಕದಲ್ಲೇ ಇದ್ದೂ ನಮಗ್ಯಾಕೆ ಕರೆಂಟ್ ಇಲ್ಲ? ಅಲ್ಲಿ ಹುಟ್ಟಿದ್ದು ಗ್ರಿಡ್ಡಿಗೆ ಹೋಗುತ್ತದೆ. ನಿಮ್ಮ ಹೊಲದ ಕೊನೆಯ ಟಿಸಿಗೆ ಅದರ ನೆರೆಹೊರೆ ಗೊತ್ತಿಲ್ಲ ಅನ್ನುತ್ತಿದ್ದೆ. ಯಾರೂ ಒಪ್ಪಲಿಲ್ಲ.

ಬೇಡಿಕೆ ನಿರ್ವಹಣೆಯ ಪೇಪರುಗಳಲ್ಲಿ ಹೆಚ್ಚಿನವು ದರ ಏರಿಸಿ-ಇಳಿಸಿ ಬಳಕೆಯ ಹೊತ್ತು ಬದಲಿಸುವ ಬಗ್ಗೆ ಇವೆ. ಕಾರ್ಖಾನೆಗಳಿಗೆ ಅದು ಸರಿ. ನಮ್ಮಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟೇ ಉಚಿತ. ಸೊನ್ನೆ ರೂಪಾಯಿಯನ್ನು ಎಷ್ಟು ಏರಿಸಿ ಇಳಿಸುತ್ತೀರಿ? ಆ ಮಾದರಿ ಸುಮ್ನೆ ನಕಲು ಮಾಡಬೇಡಿ.

ನಾನು ಸೂಚಿಸಿದ್ದು ಸಣ್ಣ ಉಪಾಯ. ಪ್ರತಿ ಸ್ಟಾರ್ಟರಿಗೂ ಒಂದು ಟೈಮರ್, ಒಬ್ಬನದು ಒಂದು ನಿಮಿಷಕ್ಕೆ, ಇನ್ನೊಬ್ಬನದು ಮೂರಕ್ಕೆ, ಮತ್ತೊಬ್ಬನದು ಎಂಟಕ್ಕೆ. ಸಿಮ್ಯುಲೇಶನ್ನಿನಲ್ಲಿ ಟ್ರಿಪ್ಪೇ ಇಲ್ಲ! ಖುಷಿಯಿಂದ ನಮ್ಮ ಮಾವನವರಿಗೆ ಹೇಳಿದೆ, ಅವರದೂ ಒಂದು ಬೋರ್ ಇದೆ. ಅವರು ಪೂರ್ತಿ ಕೇಳಿಸಿಕೊಂಡು, "ನಂದು ಎಂಟು ನಿಮಿಷ ತಡ ಆದ್ರ, ಬಾಜೂ ಹೊಲದವ ಅಷ್ಟರಾಗ ನೀರು ಎಳಕೊಂಡು ಬಿಡ್ತಾನ. ಮೊದ್ಲು ಅವಂಗ ಹಚ್ಚು" ಅಂದರು. ಬಾಜೂ ಹೊಲದವರನ್ನು ಕೇಳಿದೆ. ಅವರೂ ಇದನ್ನೇ ಹೇಳಿ ಮಾವನವರ ಬೋರ್ ಕಡೆ ಕೈ ತೋರಿಸಿದರು. ಇದಕ್ಕೆ ನನ್ನ ಥೀಸಿಸ್‌ನಲ್ಲಿ ಉತ್ತರ ಇಲ್ಲ. ಯಾರ ಮೋಟಾರ್ ಮೊದಲು ಎಂಬ ಸರದಿಯನ್ನು ದಿನಾ ಬದಲಿಸುವ ಟೈಮರ್ ಮಾಡಿ, ಒಂದೇ ಒಂದು ಟಿಸಿಯಲ್ಲಿ ಒಂದು ಹಂಗಾಮು ನಡೆಸಿ ನೋಡಲು ನಿಮ್ಮಿಂದಾದರೆ, ನಾನು ಬಿಟ್ಟಲ್ಲಿಂದ ನೀವು ಶುರು ಮಾಡಿದಂತೆ.